ಪಟದ ಬಲಗಡೆಯ ಅರ್ಧ ಹೆಂಗಸು

ಪೂರ್ವ ಕಿದ್ವಾಯಿ ನಗರ, ನವದೆಹಲಿ
9 ಸೆಪ್ಟೆಂಬರ್ 2024

ಅಕ್ಕನಿಗೆ ರಘುನಂದನನ ನಮಸ್ಕಾರ.

ಕೈಬರಹ ನೋಡಿದ ತಕ್ಷಣ ಹರಿಯಬೇಡ. ಮೊದಲು ಓದು, ಆಮೇಲೆ ಬೇಕಾದರೆ ಹರಿ. ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀಯ, ನಾನೂ ನಿನ್ನದನ್ನು ಮಾಡಿದ್ದೇನೆ, ಹಾಗಾಗಿ ಉಳಿದಿರುವುದು ಅಂಚೆ ಒಂದೇ. ರೋಹಿಣಿಯಿಂದ ಕಿದ್ವಾಯಿ ನಗರಕ್ಕೆ ಮೆಟ್ರೊದಲ್ಲಿ ಒಂದು ಗಂಟೆ. ಅಷ್ಟು ದೂರದಲ್ಲಿರುವ ಒಡಹುಟ್ಟಿದವಳಿಗೆ ಸ್ಪೀಡ್ ಪೋಸ್ಟ್ ಮಾಡುವವನು ಇಡೀ ದೆಹಲಿಯಲ್ಲಿ ನಾನೊಬ್ಬನೇ ಇರಬೇಕು. "ಹೋಗಿ ಬಾಗಿಲು ತಟ್ರೀ, ನಿಮ್ಮಕ್ಕ ಏನು ಹುಲೀನಾ?" ಎಂದಳು ಸಂಯುಕ್ತಾ. ಮೂವತ್ತೆರಡು ವರ್ಷ ಸಂಸಾರ ಮಾಡಿದರೂ ಅವಳಿಗೆ ನೀನು ಹುಲಿ ಎಂದು ಗೊತ್ತಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ಫೆಬ್ರವರಿ ಕೊನೆಗೆ ನಾನು ರಿಟೈರ್ ಆಗುತ್ತೇನೆ. ಸೆಕ್ಷನ್ನಿನವರೆಲ್ಲ ಸೇರಿ ಈಗಲೇ ಒಂದು ಕ್ಯಾಮೆರಾ ಕೊಟ್ಟಿದ್ದಾರೆ. ವರ್ಷ ಮುಗಿಯುವುದರೊಳಗೆ ತೆಗೆದುಕೊಳ್ಳದಿದ್ದರೆ ಕ್ಯಾಶುಯಲ್ ಲೀವ್ ಸುಮ್ಮನೆ ಹೋಗುತ್ತದೆ. ಆದ್ದರಿಂದ ಡಿಸೆಂಬರ್ 28ಕ್ಕೆ ನಾನು, ಸಂಯುಕ್ತಾ ಮತ್ತು ಮೊಮ್ಮಗಳು ಅನನ್ಯಾ ಕೌಸಾನಿಗೆ ಹೊರಡುತ್ತೇವೆ. ಕಾರು ನಾನೇ ಓಡಿಸುತ್ತೇನೆ. ಅಲ್ಲಿಂದ ತ್ರಿಶೂಲ, ನಂದಾದೇವಿ ಎಲ್ಲ ಸಾಲಾಗಿ ಕಾಣುತ್ತವಂತೆ. ಆ ಆರು ವರ್ಷದ ಮಗು ಇದುವರೆಗೆ ಹಿಮ ನೋಡಿಲ್ಲ.

ಕ್ಯಾಮೆರಾ ಜೊತೆ ಬಂದ ಲೆನ್ಸ್ ಸಾಲದು ಎನ್ನುತ್ತಾರೆ. ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಯಲ್ಲಿ ಒಬ್ಬ ಭಯ್ಯಾ ಹದಿನಾರು–ಮೂವತ್ತೈದು ತಗೊಳ್ಳಿ ಅಂತಾನೆ, ಪಕ್ಕದ ಅಂಗಡಿಯವನು ಇಪ್ಪತ್ತನಾಲ್ಕು–ನೂರೈದು ಅಂತಾನೆ. ನನಗೆ ಎರಡೂ ರೈಲಿನ ನಂಬರಿನ ಹಾಗೆ ಕೇಳುತ್ತದೆ. ಲೆನ್ಸ್ ವಿಷಯದಲ್ಲಿ ನಿನಗಿಂತ ತಿಳಿದವರು ನನಗೆ ಗೊತ್ತಿಲ್ಲ. ಬೇಗ ತಿಳಿಸತಕ್ಕದ್ದು.

ಇತಿ,
ನಿನ್ನ ತಮ್ಮ ರಘುನಂದನ್


ರೋಹಿಣಿ, ಸೆಕ್ಟರ್ 18
19 ಸೆಪ್ಟೆಂಬರ್ 2024

ರಘೂ,

"ತಿಳಿಸತಕ್ಕದ್ದು" ಅಂತೆ! ಅಕ್ಕನಿಗೆ ಬರೆಯುತ್ತಿದ್ದೀಯೋ, ಅಂಡರ್ ಸೆಕ್ರೆಟರಿಗೋ?

ನಿನ್ನ ಕವರು ಬಂತು. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಬರೆದಿದ್ದಾನೆ ಎಂದರೆ ಯಾರೋ ಹೋಗಿರಬೇಕು ಎಂದುಕೊಂಡೆ. ಒಡೆಯುವ ಧೈರ್ಯ ಬರಲಿಲ್ಲ. ಸಂಜೆ ಹರ್ಷಿಣಿ ಆಫೀಸಿನಿಂದ ಬಂದವಳು "ಅಮ್ಮಾ, ಮಾಮಾನ ಚಿಟ್ಠಿ! ಓಪನ್ ಕರೋ ನಾ!" ಎಂದು ಕಿತ್ತುಕೊಂಡು ತಾನೇ ಒಡೆದಳು. ನೋಡಿದರೆ ಲೆನ್ಸ್! ಆರು ವರ್ಷದ ಮೇಲೆ ತಮ್ಮ ಅಕ್ಕನನ್ನು ಕೇಳುವುದು ಲೆನ್ಸ್! ನನ್ನ ಮಗಳು ಅರ್ಧ ಗಂಟೆ ನಕ್ಕಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಅಪ್ಪನ ಸುದ್ದಿ ನೀನು ಎತ್ತಿಲ್ಲ. ನಾನೂ ಎತ್ತಬಾರದು ಎಂದುಕೊಂಡೆ, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಪ್ಪ ನಾಲ್ಕು ವರ್ಷ ನಿನ್ನ ಮನೆಯಲ್ಲಿದ್ದರು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದರು, ಲೋಟದ ಆಚೆ ನೀರು ಬಗ್ಗಿಸುತ್ತಿದ್ದರು. ಭಾನುವಾರ ಭಾನುವಾರ ಬಂದು ಹೇಳಿದೆ, ಕಣ್ಣು ತೋರಿಸೋ ಎಂದು. ನೀನು "ವಯಸ್ಸಾಯ್ತು ಅಕ್ಕ, ಪೊರೆ ಇರುತ್ತೆ, ಚಳಿಗಾಲ ಬರಲಿ" ಅಂದೆ. ತೋರಿಸುವ ಹೊತ್ತಿಗೆ ಗ್ಲಾಕೋಮಾ ಎರಡೂ ಕಣ್ಣನ್ನು ಮುಗಿಸಿತ್ತು. ಎರಡು ವರ್ಷ ಕತ್ತಲಲ್ಲಿದ್ದು ಹೋದರು. ವೈಕುಂಠ ಸಮಾರಾಧನೆಯ ದಿನ ಅಷ್ಟು ಜನರೆದುರು "ಅಪ್ಪನ ಕಣ್ಣು ಕಳೆದವನು ನೀನು" ಎಂದೆನಲ್ಲ, ಆ ಮಾತು ಇನ್ನೂ ಅಲ್ಲೇ ಇದೆ. ಇದು ಹೆತ್ತವರಿಂದ ಮಕ್ಕಳಿಗೆ ಬರುವ ರೋಗ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ ಎಂದು ಅವತ್ತೇ ಎಲ್ಲರಿಗೂ ಹೇಳಿದ್ದೆ. ನೀನು ತೋರಿಸಿಕೊಂಡಿದ್ದೀಯೋ ಇಲ್ಲವೋ ದೇವರಿಗೇ ಗೊತ್ತು.

ಇನ್ನು ಲೆನ್ಸ್. ಮೂವತ್ತೊಂದು ವರ್ಷ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಗಾಜು ಒರೆಸಿದವಳು ಹೇಳುತ್ತಿದ್ದೇನೆ, ಕಿವಿಗೊಟ್ಟು ಕೇಳು. ನಂಬರು ಸಣ್ಣದಾದಷ್ಟೂ ಲೆನ್ಸಿನ ಬಾಯಿ ಅಗಲ, ದೊಡ್ಡದಾದಷ್ಟೂ ದೂರದ್ದನ್ನು ಹತ್ತಿರ ಎಳೆಯುತ್ತದೆ. ಬೆಟ್ಟ ದೊಡ್ಡದು ಎಂದು ಎಲ್ಲರೂ ಅಗಲ ಬಾಯಿಯದ್ದನ್ನೇ ಕೊಳ್ಳುತ್ತಾರೆ. ಆಮೇಲೆ ನಂದಾದೇವಿ ಹುತ್ತದಷ್ಟು ಬಂದಿದೆ ಎಂದು ಅಳುತ್ತಾರೆ. ಅಗಲದ ಲೆನ್ಸಿಗೆ ಎದುರಿನಲ್ಲೊಂದು ಬಂಡೆಯೋ ಗಿಡವೋ ಬೇಕು, ಅಂಚಿನಲ್ಲಿ ಏನು ನುಗ್ಗುತ್ತಿದೆ ಎಂದು ನಾಲ್ಕೂ ಮೂಲೆ ನೋಡುವ ತಾಳ್ಮೆ ಬೇಕು. ಅದು ನಿನಗೆ ಹುಟ್ಟಿನಿಂದ ಇಲ್ಲ. ಪ್ರವಾಸಕ್ಕೆ ಇಪ್ಪತ್ತನಾಲ್ಕು–ನೂರೈದು ತೆಗೆದುಕೋ. ಬೆಟ್ಟವೂ ಬರುತ್ತದೆ, ಮೊಮ್ಮಗಳ ಮುಖವೂ ಬರುತ್ತದೆ. ಧೂಳಿನಲ್ಲಿ ನಿಂತು ಲೆನ್ಸ್ ಬದಲಾಯಿಸುವ ಗೋಜೂ ಇಲ್ಲ.

ಲೀಲಾ


ಕಿದ್ವಾಯಿ ನಗರ
14 ಅಕ್ಟೋಬರ್ 2024

ಅಕ್ಕ,

ಬೈದರೂ ಬರೆದೆಯಲ್ಲ, ಸಂತೋಷ. ಅಪ್ಪನ ವಿಷಯ ಈಗ ಬರೆಯುವುದಿಲ್ಲ. ಸಿಟ್ಟಾಗಬೇಡ, ನಾನು ಹದಿನಾರು–ಮೂವತ್ತೈದನ್ನೇ ಕೊಂಡೆ. ಅಂಗಡಿಯಲ್ಲಿ ಕಣ್ಣಿಗಿಟ್ಟು ನೋಡಿದಾಗ ಎದುರಿನ ಗಲ್ಲಿ ಪೂರ್ತಿ ಒಳಗೆ ಬಂತು. ಇಷ್ಟು ಅಗಲವಾಗಿ ನೋಡಿ ಎಷ್ಟು ಕಾಲವಾಯಿತು ಎನ್ನಿಸಿತು.

ಆದರೆ ಮಾಲು ಸರಿ ಇಲ್ಲ. ಮೂರು ಭಾನುವಾರ ಲೋಧಿ ಗಾರ್ಡನ್ನಿಗೆ ಹೋಗಿ ತೆಗೆದೆ. ನಾನು ನೋಡಿಕೊಂಡು, ಅಳತೆ ಮಾಡಿ, ಗುಮ್ಮಟವನ್ನು ನಡುವೆ ಇಟ್ಟು ತೆಗೆಯುತ್ತೇನೆ. ಮನೆಗೆ ಬಂದು ನೋಡಿದರೆ ಬಲಗಡೆ ಕಸದ ಡಬ್ಬ! ಇನ್ನೊಂದರಲ್ಲಿ ಯಾರದೋ ಮೊಣಕೈ. ಮತ್ತೊಂದರಲ್ಲಿ ಒಂದು ಇಡೀ ನಾಯಿ. ತೆಗೆಯುವಾಗ ಅಲ್ಲಿ ಇವು ಯಾವುವೂ ಇರಲಿಲ್ಲ, ಅಪ್ಪನಾಣೆ. ಇಲ್ಲದ್ದನ್ನು ತೋರಿಸುವ ಲೆನ್ಸ್ ಇರುತ್ತದೆಯೇ? ಅಂಗಡಿಯವನು "ಸರ್‌ಜೀ, ಲೆನ್ಸ್ ಸುಳ್ಳು ಹೇಳಲ್ಲ" ಎಂದು ಹಲ್ಲು ಕಿರಿದ.

ಈ ತಿಂಗಳು ನನ್ನ ಗ್ರಹಚಾರವೇ ನೆಟ್ಟಗಿಲ್ಲ. ಪಾರ್ಕಿಂಗಿನಲ್ಲಿ ಕಾರಿನ ಬಲಗಡೆ ಯಾರೋ ಗೀಚಿದ್ದಾರೆ, ಇದು ಮೂರನೆಯ ಸಲ. ಕಾವಲಿನ ಗಾರ್ಡ್‌ನನ್ನು ಹಿಡಿದು ಕೇಳಿದರೆ, "ಸಾಬ್, ನೀವೇ ಕಂಬಕ್ಕೆ ಉಜ್ಜಿಕೊಂಡು ಹೋದಿರಿ" ಅನ್ನುತ್ತಾನೆ, ಪಾಜಿ! ಮೊನ್ನೆ ಚಹಾ ಸುರಿದು ಒಂದು ಫೈಲೇ ಹಾಳಾಯಿತು. ಸಂಯುಕ್ತಾ ಕಾಲಿಗೆ ಅಡ್ಡ ಬರುತ್ತಾಳೆ, ಬೈದರೆ "ನಾನು ಇಲ್ಲೇ ನಿಂತಿದ್ದೆನಲ್ರೀ" ಅನ್ನುತ್ತಾಳೆ.

ಲೆನ್ಸಿಗೆ ಏನು ಮಾಡಲಿ? ನವೆಂಬರ್ 10ಕ್ಕೆ ಕನ್ನಡ ಸಂಘದಲ್ಲಿ ರಾಜ್ಯೋತ್ಸವ, ನಾನು ಕ್ಯಾಮೆರಾ ತರುತ್ತೇನೆ. ಸುಮ್ಮನೆ ತಿಳಿಸಿದೆ.

ರಘು


ರೋಹಿಣಿ
28 ಅಕ್ಟೋಬರ್ 2024

ಲೋ ರಘು,

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಗಲದ ಲೆನ್ಸ್ ಬೇಡ, ಅದಕ್ಕೆ ಮೂಲೆ ನೋಡುವ ತಾಳ್ಮೆ ಬೇಕು ಎಂದು ಬಡಕೊಂಡೆ. ಗುಮ್ಮಟ ಒಂದನ್ನೇ ನೋಡುತ್ತೀಯ, ನಾಯಿ ಬಂದದ್ದು ಗೊತ್ತಾಗುವುದಿಲ್ಲ. ನೀನು ಚಿಕ್ಕಂದಿನಿಂದಲೂ ಹಾಗೇ. ತಟ್ಟೆಯ ನಡುವಿನ ಅನ್ನ ತಿಂದು ಪಲ್ಯ ಹಾಗೇ ಬಿಡುತ್ತಿದ್ದೆ.

ಹರ್ಷಿಣಿಗೆ ನಿನ್ನ ಕಾಗದ ಓದಿ ಹೇಳಿದೆ. "ಮಾಮಾ ಇಸ್ ಸೋ ಕ್ಯೂಟ್" ಎಂದಳು. ಆ ಗಾರ್ಡ್‌ನನ್ನು ಬಿಟ್ಟುಬಿಡು ಪಾಪ. ಕಾರು ಗೀಚಿದರೆ ಬಣ್ಣ ಹೊಡೆಸಬಹುದು.

ಹತ್ತನೇ ತಾರೀಕು ಬಂದರೂ ಬಂದೆ. ಸುಮ್ಮನೆ ತಿಳಿಸಿದೆ.

ಅಕ್ಕ


ರೋಹಿಣಿ
11 ನವೆಂಬರ್ 2024

ರಘುನಂದನ್ ಅವರಿಗೆ,

ನಿಮ್ಮ ಮನಸ್ಸಿನಲ್ಲಿ ಇಷ್ಟು ವಿಷ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ.

ಅಮ್ಮನ ಹೆಸರು ಕೊರೆದ ಸ್ಟೀಲ್ ಡಬ್ಬಿಯಲ್ಲಿ ನಿಮಗೆಂದೇ ಕೊಬ್ಬರಿ ಮಿಠಾಯಿ ಮಾಡಿಕೊಂಡು ಬಂದೆ. ಹರ್ಷಿಣಿ ಜೊತೆಗೆ ಬರುತ್ತೇನೆ ಎಂದಳು, ಬೇಡ, ಮೊದಲು ನಾನೇ ಮಾತಾಡುತ್ತೇನೆ ಎಂದೆ. ವೇದಿಕೆಯಲ್ಲಿ ಮಕ್ಕಳು ಕೋಲಾಟ ಆಡುತ್ತಿದ್ದರು. ನೀವು ಪಟ ತೆಗೆಯುತ್ತಿದ್ದಿರಿ. ನಿಮ್ಮ ಬಲಗಡೆ ಮೂರು ಮೊಳ ಮುಂದೆ ಬಂದು ಡಬ್ಬಿ ಚಾಚಿ ನಿಂತೆ. ಕೂಗಲಿಲ್ಲ, ಏಕೆಂದರೆ ಬಾಯಿ ಬಿಟ್ಟರೆ ಅಷ್ಟು ಜನರ ಎದುರು ಅತ್ತುಬಿಡುತ್ತಿದ್ದೆ. ನೀವು ಕ್ಯಾಮೆರಾ ಇಳಿಸಿದಿರಿ, ನನ್ನ ಕಡೆ ತಿರುಗಿದಿರಿ, ನನ್ನನ್ನು ದಾಟಿಕೊಂಡು ಊಟದ ಕಡೆ ಹೋದಿರಿ. ನನ್ನ ಸೆರಗು ನಿಮ್ಮ ತೋಳಿಗೆ ತಾಗಿತು. "ಸಾರಿ" ಎಂದಿರಿ, ದಾರಿಯಲ್ಲಿ ಯಾರಿಗೋ ಹೇಳುವ ಹಾಗೆ.

ನಾಯಿ ಎದುರಿಗೆ ಬಂದರೂ ಜನ ಛೀ ಎನ್ನುತ್ತಾರೆ.

ಲೆನ್ಸಿನ ವಿಷಯ ಇಲ್ಲಿಗೆ ಮುಗಿಯಿತು. ಇನ್ನು ಬರೆಯಬೇಡಿ.

ಲೀಲಾ


ಕಿದ್ವಾಯಿ ನಗರ
19 ನವೆಂಬರ್ 2024

ಅಕ್ಕ, ಏನು ಹೇಳುತ್ತಿದ್ದೀಯ?

ನಿನ್ನ ಕಾಗದ ಓದಿ ದಂಗುಬಡಿದು ಕೂತಿದ್ದೇನೆ. ನೀನು ಬಂದಿದ್ದೆಯಾ? ಬಾಗಿಲ ಕಡೆ ಹತ್ತು ಸಲ ನೋಡಿದೆ. ಊಟಕ್ಕೆ ಕೂತಾಗ ಪಕ್ಕದ ಎಲೆಯಲ್ಲಿ ಯಾರನ್ನೂ ಕೂರಿಸಬೇಡಿ ಎಂದು ಬಡಿಸುವವರಿಗೆ ಹೇಳಿದ್ದೆ. ಆ ಎಲೆ ಕೊನೆಯವರೆಗೂ ಖಾಲಿ ಇತ್ತು. ಮನೆಗೆ ಬಂದು, ಜ್ವರದಲ್ಲಿ ಮಲಗಿದ್ದ ಸಂಯುಕ್ತಾಳಿಗೆ "ಅವಳು ಬರಲಿಲ್ಲ ಕಣೇ" ಎಂದೆ. ನನಗೆ ಅವತ್ತು ಎಷ್ಟು ನೋವಾಯಿತೆಂದು ನಿನಗೇನು ಗೊತ್ತು!

ನೀನು ನಿಂತದ್ದು ನಿಜವಾದರೆ ನನಗೆ ಕಾಣುತ್ತಿರಲಿಲ್ಲವೇ? ಕಂಡೂ ದಾಟಿ ಹೋಗಲು ನಾನೇನು ರಾಕ್ಷಸನೇ? ಅಮ್ಮನಾಣೆ, ಮೊಮ್ಮಗಳಾಣೆ, ಅಲ್ಲಿ ಯಾರೂ ಇರಲಿಲ್ಲ. ಬೇರೆ ಯಾರನ್ನೋ ನಾನೆಂದುಕೊಂಡಿರಬೇಕು ನೀನು.

ಬರೆಯಬೇಡ ಎಂದಿದ್ದೀಯ, ಇನ್ನು ಬರೆಯುವುದಿಲ್ಲ. ಇದರ ಜೊತೆ ಲೆನ್ಸ್ ಕಳಿಸುತ್ತಿದ್ದೇನೆ. ನಿನ್ನ ಕಾಗದ ಬರುವ ಮುಂಚೆಯೇ ಏಳು ಪಟಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ದೋಷ ಏನೆಂದು ಬರೆದು ಕಟ್ಟಿಟ್ಟಿದ್ದೆ, ಅವೂ ಇವೆ. ನನ್ನ ಮೇಲಿನ ಸಿಟ್ಟು ಗಾಜಿನ ಮೇಲೆ ಬೇಡ. ಪರೀಕ್ಷಿಸಿ ಡಿಸೆಂಬರ್ 27ರೊಳಗೆ ಕಳಿಸಿದರೆ ಉಪಕಾರ. ಡಿಸೆಂಬರ್ 28ರ ಬೆಳಿಗ್ಗೆ ಐದಕ್ಕೆ ಮಗುವನ್ನು ಎಬ್ಬಿಸಿಕೊಂಡು ಹೊರಡುತ್ತೇವೆ. ಕತ್ತಲಾಗುವ ಮುಂಚೆ ಘಾಟಿ ಹತ್ತಿಬಿಡಬೇಕು.

ರಘು


ಮೆಟ್ರೊದಲ್ಲಿ
27 ಡಿಸೆಂಬರ್ 2024, ಶುಕ್ರವಾರ, ಸಂಜೆ ನಾಲ್ಕು

ರಘೂ, ರಘೂ,

ಗಾಡಿ ಕುಲುಕುತ್ತಿದೆ, ಅಕ್ಷರ ಹೇಗಿದ್ದರೂ ಓದು. ಫೋನ್ ಮಾಡಿದೆ, ನಿನ್ನದರಲ್ಲಿ ನಾನು ಇನ್ನೂ ಬ್ಲಾಕ್. ಸಂಯುಕ್ತಾಳದ್ದು ಸ್ವಿಚ್ ಆಫ್. ನಾನೇ ಬರುತ್ತಿದ್ದೇನೆ. ನೀನು ಬಾಗಿಲು ತೆರೆಯದಿದ್ದರೆ ಇದನ್ನು ಕೆಳಗಿನ ಸಂದಿಯಲ್ಲಿ ತೂರಿಸುತ್ತೇನೆ. ತೆರೆದರೂ ನಾನು ಮೊದಲು ಬೈದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾಳೆ ಕಾರು ಹತ್ತಬೇಡ. ಅದೊಂದು ಮಾತು. ಕಾರು ಹತ್ತಬೇಡ.

ನಿನ್ನ ಪಾರ್ಸೆಲ್ ಐದು ವಾರದಿಂದ ಅಲಮಾರಿನ ಮೇಲಿತ್ತು. ಮೇಲಿನ ಕಾಗದ ಓದಿದವಳು ಸಿಟ್ಟಿಗೆ ಒಳಗಿನದನ್ನು ಬಿಚ್ಚಿರಲೇ ಇಲ್ಲ. ಇವತ್ತು ಹರ್ಷಿಣಿ "ಕಲ್ ಮಾಮಾನ ಟ್ರಿಪ್ ಇದೆ ಅಮ್ಮಾ, ಲೆನ್ಸ್ ತೋ ದೇ ದೋ" ಎಂದು, ಅದನ್ನಾದರೂ ಕೊಟ್ಟುಬಿಡು ಎಂದು ಪೀಡಿಸಿದ್ದಕ್ಕೆ ಬಿಚ್ಚಿದೆ. ಮೊದಲು ಲೆನ್ಸನ್ನು ಹರ್ಷಿಣಿಯ ಕ್ಯಾಮೆರಾಕ್ಕೆ ಹಾಕಿ ಎದುರು ಮನೆಯ ಇಟ್ಟಿಗೆ ಗೋಡೆಯ ಪಟ ತೆಗೆದೆ. ಲ್ಯಾಬಿನಲ್ಲಿ ನಾವು ಹಾಗೆಯೇ ಪರೀಕ್ಷಿಸುತ್ತಿದ್ದದ್ದು. ನಾಲ್ಕೂ ಮೂಲೆಯಲ್ಲಿ ಇಟ್ಟಿಗೆಯ ಗೆರೆ ಗೆರೆಯೂ ಚೊಕ್ಕವಾಗಿದೆ. ಲೆನ್ಸಿಗೆ ಏನೂ ಆಗಿಲ್ಲ.

ಆಮೇಲೆ ಪಟಗಳು. ನಾಯಿ, ಕಸದ ಡಬ್ಬ, ಮೊಣಕೈ. ನಗುತ್ತಲೇ ನೋಡುತ್ತಿದ್ದೆ. ಆರನೆಯದು ಕೋಲಾಟದ ಪಟ. ಹಿಂದೆ ನೀನು ಬರೆದಿದ್ದೀಯ: "ಬಲಗಡೆ ಯಾರೋ ಅರ್ಧ ಹೆಂಗಸು ನುಗ್ಗಿದ್ದಾಳೆ. ಕ್ಲಿಕ್ ಮಾಡುವಾಗ ಅಲ್ಲಿ ಯಾರೂ ಇರಲಿಲ್ಲ. ಲೆನ್ಸ್ ದೋಷ."

ಮುಖ ಅಂಚಿನಲ್ಲಿ ಕತ್ತರಿಸಿ ಹೋಗಿದೆ. ಒಂದು ತೋಳು, ಹಸಿರು ಸೆರಗು, ಚಾಚಿದ ಕೈಯಲ್ಲಿ ಒಂದು ಡಬ್ಬಿ. ಭೂತಗನ್ನಡಿ ಇಟ್ಟು ನೋಡಿದೆ. ಡಬ್ಬಿಯ ಮೇಲೆ ಕೊರೆದ ಹೆಸರು ಸ್ಪಷ್ಟವಾಗಿ ಓದಲು ಬಂತು. ಇಂದಿರಮ್ಮ.

ಅಯ್ಯೋ ದೇವರೇ! ಅಮ್ಮನ ಡಬ್ಬಿ ಕಣೋ. ಆ ಅರ್ಧ ಹೆಂಗಸು ನಾನು.

ಲೆನ್ಸ್ ಕಂಡಿದೆ, ನೀನು ಕಂಡಿಲ್ಲ. ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ನಾಯಿ ಬಲಗಡೆ. ಗೀಚು ಬಲಗಡೆ. ಕಾಲಿಗೆ ಅಡ್ಡ ಬರುವ ಸಂಯುಕ್ತಾ. ಸುರಿದ ಚಹಾ. ಇದನ್ನೆಲ್ಲ ನಾನು ಅಪ್ಪನಲ್ಲಿ ನೋಡಿರಲಿಲ್ಲವೇ? ನೀನೇ ಕೈಯಾರೆ ಬರೆದು ಕಳಿಸಿದೆ, ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ, ಮಗಳಿಗೂ ಓದಿ ನಗಿಸಿದೆ. ಅಪ್ಪನ ಹೊತ್ತಿಗೆ ನಿನ್ನನ್ನು ಅಷ್ಟು ಅಂದವಳು ನಾನು! ನನ್ನ ಬಾಯಿಗೆ ಬೆಂಕಿ ಬೀಳಲಿ.

ಕ್ಯಾಮೆರಾದಲ್ಲಿ ಒಂದೇ ಕಣ್ಣಿಟ್ಟು ನೋಡುತ್ತೀಯ, ಬಲಗಣ್ಣು. ಎರಡೂ ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಮೂರು ಜನ್ಮಕ್ಕೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಎದುರು ಬರುವ ಲಾರಿಯೆಲ್ಲ ನಿನ್ನ ಬಲಗಡೆಯೇ ಬರುತ್ತದೆ ರಘು. ಹಿಂದಿನ ಸೀಟಿನಲ್ಲಿ ಮಗು ಇರುತ್ತದೆ.

ಐಎನ್‌ಎ ಸ್ಟೇಷನ್ ಬಂತು. ಇಳಿಯುತ್ತಿದ್ದೇನೆ.

ಅಕ್ಕ


ಕಿದ್ವಾಯಿ ನಗರ
14 ಜನವರಿ 2025

ಅಕ್ಕ,

ಸಂಯುಕ್ತಾ ಎಳ್ಳು ಬೆಲ್ಲ ಹಂಚಲು ಹೋಗಿದ್ದಾಳೆ. ಮನೆಯಲ್ಲಿ ನಾನೊಬ್ಬನೇ. ಈಗ ನಿನ್ನ ನಂಬರು ನನ್ನ ಫೋನಿನಲ್ಲಿದ್ದರೂ ಇದನ್ನು ಬಾಯಲ್ಲಿ ಹೇಳಲು ಆಗುತ್ತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅವತ್ತು ನೀನು ಬಾಗಿಲಲ್ಲಿ ಕಾಗದ ಕೈಗೆ ಕೊಟ್ಟು, ನಾನು ಓದುವ ಮೊದಲೇ ಮೇಜಿನ ಮೇಲಿದ್ದ ಕಾರಿನ ಕೀಲಿ ಎತ್ತಿ ಕುಪ್ಪಸದೊಳಗೆ ಹಾಕಿಕೊಂಡೆಯಲ್ಲ, ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಇಳಿವಯಸ್ಸಿನ ಅಕ್ಕ ತಮ್ಮ ಗಂಟಲು ಹರಿದುಕೊಳ್ಳುವುದನ್ನು ಅವರು ಯಾವಾಗ ನೋಡಿದ್ದರು! "ಎಡಗಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡು, ತಲೆ ತಿರುಗಿಸಬೇಡ" ಎಂದೆ ನೀನು. ನಿನ್ನ ಬಾಯಿ ಮುಚ್ಚಿಸಲೆಂದೇ ನೋಡಿದೆ. ಗಡಿಯಾರ ಚೆನ್ನಾಗಿ ಕಂಡಿತು. "ಸರಿ ಇದೆ ನೋಡು" ಎಂದೆ. ಆಗ ನನ್ನ ಬಲಗಡೆಯಿಂದ ಅನನ್ಯಾಳ ದನಿ ಬಂತು. "ತಾತಾ, ದಿಖಾ? ಅಬ್ ದಿಖಾ?" ಕಂಡಿತಾ, ಈಗ ಕಂಡಿತಾ ಎಂದು ಮಗು ಎರಡೂ ಕೈ ಎತ್ತಿ ಆಡಿಸುತ್ತ ಹತ್ತಿರದಲ್ಲೇ ಕುಣಿಯುತ್ತಿತ್ತಂತೆ. ನನಗೆ ಗೋಡೆ ಇತ್ತು, ಗಡಿಯಾರ ಇತ್ತು. ಮಗುವೇ ಇರಲಿಲ್ಲ.

ಸಂಯುಕ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. ನೀನು ಬೈಯುವುದು ನಿಲ್ಲಿಸಿದೆ. ನೀನು ಸುಮ್ಮನಾದದ್ದು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ನಿನ್ನೆ ನೀನು ಹೊರಗೆ ಕಾಯುತ್ತ ಕೂತಿದ್ದಾಗ ಎಲ್ಲ ಪರೀಕ್ಷೆ ಮುಗಿಯಿತು. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ. ಎಡಗಣ್ಣಿನಲ್ಲೂ ಮೂಗಿನ ಕಡೆಯಿಂದ ಶುರುವಾಗಿದೆ. ಡಾಕ್ಟರಮ್ಮ ಮೆತ್ತಗೆ ಹೇಳಿದರು, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ದಿನವೂ ಒಂದೇ ಹೊತ್ತಿಗೆ ಹನಿ ಹಾಕಿಕೊಳ್ಳಿ ಎಂದು. ಕಾರು ಓಡಿಸಬಾರದು. ಮಗ ಬಂದು ಕಾರು ತೆಗೆದುಕೊಂಡು ಹೋದ. ಗಾರ್ಡಿನ ಹತ್ತಿರ ಹೋಗಿ ಕೈ ಹಿಡಿದು ಕ್ಷಮೆ ಕೇಳಿದೆ, ಆತ ಗಾಬರಿಯಾದ.

ಒಂದು ಮಾತು, ಅಪ್ಪನದು. ಕಣ್ಣು ಹೋಗುವುದೆಂದರೆ ಅಷ್ಟಷ್ಟೇ ಕತ್ತಲಾಗುತ್ತದೆ ಎಂದು ನಾನು ತಿಳಿದಿದ್ದೆ. ಕತ್ತಲಾಗುವುದಿಲ್ಲ ಅಕ್ಕ. ಕಾಣದ್ದು ಕಾಣುತ್ತಿಲ್ಲ ಎಂದೇ ಗೊತ್ತಾಗುವುದಿಲ್ಲ. ಅಪ್ಪ ನನಗೆ ಯಾವತ್ತೂ "ಕಾಣಿಸ್ತಿಲ್ಲ ಕಣೋ" ಎನ್ನಲಿಲ್ಲ, ಬಾಗಿಲಿಗೇ ಬೈಯುತ್ತಿದ್ದರು. ನಾನು ಲೆನ್ಸಿಗೆ ಬೈದೆ. ನಾನು ತೋರಿಸಬೇಕಿತ್ತು, ಅದು ನನ್ನದೇ ತಪ್ಪು, ಇಲ್ಲ ಅನ್ನುವುದಿಲ್ಲ. ಆದರೆ ಅಸಡ್ಡೆ ಮಾಡಲಿಲ್ಲ ಅಕ್ಕ. ಇಷ್ಟು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಲೆನ್ಸ್ ವಾಪಸು ಮಾಡಲೇ ಎಂದು ನೀನು ಕೇಳಿದೆ. ಬೇಡ. ಅಗಲದ್ದೇ ಇರಲಿ. ನಾನು ನೋಡದ್ದನ್ನು ಅದು ನೋಡಲಿ. ಮನೆಗೆ ಬಂದು ದೊಡ್ಡ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಟ್ಟುಕೊಂಡು, ಕಣ್ಣು ಸರಿಸಿ ಸರಿಸಿ ಮೂಲೆ ಮೂಲೆ ನೋಡುತ್ತೇನೆ. ಕೋಲಾಟದ ಪಟಕ್ಕೆ ಚೌಕಟ್ಟು ಹಾಕಿಸಿದ್ದೇನೆ. ದಿನಾ ಬೆಳಿಗ್ಗೆ ನಿನ್ನ ಡಬ್ಬಿ ನೋಡುತ್ತೇನೆ.

ಕೊನೆಯದಾಗಿ. ಡಾಕ್ಟರಮ್ಮ "ಒಡಹುಟ್ಟಿದವರು ಇದ್ದಾರಾ? ಅವರಿಗೆ ಪರೀಕ್ಷೆ ಆಗಿದೆಯಾ?" ಎಂದು ಕೇಳಿದರು. ಹೊರಗೆ ಬಂದು ನಿನ್ನನ್ನು ಕೇಳಿದೆ. ನೀನು ಬ್ಯಾಗಿನಲ್ಲಿ ಮೆಟ್ರೊ ಕಾರ್ಡ್ ಹುಡುಕತೊಡಗಿದೆ. ಅದು ನಿನ್ನ ಕೈಯಲ್ಲೇ ಇತ್ತು. ಊರಿಗೆಲ್ಲ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ ಎಂದು ಸಾರಿದವಳು ನೀನು ಎಷ್ಟು ಸಲ ತೋರಿಸಿಕೊಂಡಿದ್ದೀಯ?

ಸೋಮವಾರ ಹತ್ತು ಗಂಟೆಗೆ ನಿನ್ನ ಹೆಸರು ಬರೆಸಿದ್ದೇನೆ. ಬರದಿದ್ದರೆ ರೋಹಿಣಿಗೆ ಬಂದು ಬಾಗಿಲಲ್ಲಿ ಕಿರುಚುತ್ತೇನೆ. ಕಿರುಚಲು ಕಣ್ಣು ಬೇಕಿಲ್ಲ.

ರಘು


ರೋಹಿಣಿ
2 ಫೆಬ್ರವರಿ 2025

ರಘೂ,

ಸೋಮವಾರ ನಿನ್ನೆದುರು ನಗುನಗುತ್ತ "ಕಣ್ಣಿನೊಳಗೆ ಏನೋ ಸ್ವಲ್ಪ ಒತ್ತಡ ಅಂತೆ" ಎಂದು ಹಾರಿಸಿದೆ. ಸುಳ್ಳು. ಒಳಗೆ ಡಾಕ್ಟರಮ್ಮ ಹೇಳಿದ್ದೇ ಬೇರೆ. ನನಗೂ ಇದೆ. ನನ್ನದು ಎಡಗಣ್ಣು.

ಒಂದು ಸಲವೂ ತೋರಿಸಿಕೊಂಡಿರಲಿಲ್ಲ ಕಣೋ. ಆರು ವರ್ಷದಲ್ಲಿ ಒಂದೇ ಒಂದು ಸಲವೂ ಇಲ್ಲ. ಊರಿಗೆ ಬುದ್ಧಿ ಹೇಳುವವಳಿಗೆ ತನಗೆ ಬರುತ್ತದೆ ಎಂದು ಯಾಕೆ ಅನ್ನಿಸುತ್ತದೆ! ಗಾಜಿನ ಜೊತೆ ಬದುಕಿದವಳು, ನನ್ನ ಕಣ್ಣು ನನಗೆ ಗೊತ್ತಿಲ್ಲವೇ ಎನ್ನುವ ಸೊಕ್ಕು. ಇನ್ನೂ ಶುರುವಿನಲ್ಲೇ ಇದೆಯಂತೆ. "ಸರಿಯಾದ ಹೊತ್ತಿಗೆ ಬಂದಿರಿ, ಯಾರು ಕಳಿಸಿದರು?" ಎಂದು ಕೇಳಿದರು. ನನ್ನ ತಮ್ಮ ಎಂದೆ.

ಅಪ್ಪನ ವೈಕುಂಠದ ದಿನ ಆಡಿದ ಮಾತು ಅಲ್ಲೇ ಇದೆ ಎಂದು ಬರೆದಿದ್ದೆ. ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರೆ, ಗೊತ್ತು. ಆದರೂ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ, ನಿನ್ನ ಫೈಲಿನಲ್ಲಿ ಇಟ್ಟುಕೋ. ಅಪ್ಪನ ಕಣ್ಣು ಕಳೆದವನು ನೀನಲ್ಲ. ನನ್ನ ಕಣ್ಣು ಉಳಿಸಿದವನು ನೀನು.

ರಾತ್ರಿ ಎಂಟಕ್ಕೆ ನನ್ನ ಹನಿ, ನಿನ್ನದೂ ಎಂಟಕ್ಕೇ. ಏಳೂ ಐವತ್ತೈದಕ್ಕೆ ಫೋನ್ ಮಾಡುತ್ತೇನೆ, ಎತ್ತು. ಹಾಕಿಕೊಳ್ಳುವ ಶಬ್ದ ಕೇಳದೆ ಇಡುವುದಿಲ್ಲ.

ಹರ್ಷಿಣಿ ಏಪ್ರಿಲ್‌ಗೆ ಕಾಠಗೋದಾಮಿನವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ ಎಂದು ಐದು ಟಿಕೆಟ್ ಮಾಡಿಸಿದ್ದಾಳೆ. ಹಿಮ ಆಗಲೂ ಇರುತ್ತದಂತೆ, ಅನನ್ಯಾಳಿಗೆ ಹೇಳು. ನಿನ್ನ ಅಗಲ ಬಾಯಿಯ ಲೆನ್ಸನ್ನೇ ತಾ. ನಂದಾದೇವಿ ಹುತ್ತದಷ್ಟು ಬಂದರೂ ಬರಲಿ. ನೀನು ಪಟ ತೆಗೆಯುವಾಗ ನಾನು ನಿನ್ನ ಬಲಗಡೆಯೇ ನಿಂತಿರುತ್ತೇನೆ. ಈ ಸಲ ಕೂಗುತ್ತೇನೆ.

ನಿನ್ನ ಅಕ್ಕ
ಲೀಲಾ